ಹುಲಿಯಮ್ಮ ಒಪ್ಪಿಕೊಂಡ ತಪ್ಪು

ಶ್ಯಾಮಲಾ ಹಸಿರು ರವಿಕೆ ಕಣವನ್ನು ಸೆರಗಿನೊಳಗೆ ಇನ್ನಷ್ಟು ತುರುಕಿಕೊಂಡು ಹೆಂಗಸರ ನಡುವೆ ನುಗ್ಗಿದಳು. ಅಂಗಳದಲ್ಲಿ ಟೈಲರ್ ಹುಲಿಯಮ್ಮನನ್ನು ಮಲಗಿಸಿದ್ದರು. ಮುತ್ತೈದೆ ಸಾವು; ಒಬ್ಬೊಬ್ಬರೇ ಅರಿಶಿನ ಕುಂಕುಮ ಹಚ್ಚಿ ಮಡಿಲಿಗೆ ಕಣ ಇಡುತ್ತಿದ್ದರು. ತಾನೂ ಸದ್ದಿಲ್ಲದೆ ಇಟ್ಟುಬಿಟ್ಟರಾಯಿತು, ಹೆಣದ ಜೊತೆ ಅದೂ ಸುಟ್ಟುಹೋಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಥೂ, ಎಂಥ ಲೆಕ್ಕಾಚಾರ!

"ಆನಂದಪುರದಲ್ಲಿ ಇವಳ ಹಂಗೆ ಹೊಲಿಯೋರು ಇನ್ಯಾರಿದಾರೆ?" ಎಂದಳು ಪಕ್ಕದ ಮನೆಯ ಕನ್ನಮ್ಮ.

"ಕೈ ಚೆನ್ನಾಗಿತ್ತು. ಬಟ್ಟೆ ಮಾತ್ರ ಹೊಡ್ಕೊಳ್ತಿದ್ಲು," ಎಂದರು ಶ್ಯಾಮಲಾಳ ಅತ್ತೆ ಕೆರಿಯಮ್ಮ.

ಹೆಣದ ಮುಂದೆ ಕೂತು ಆಡುವ ಮಾತೇ ಅದು? ಆದರೆ ಆ ಮಾತು ಹುಟ್ಟಿದ್ದು ಯಾರಿಂದ ಎಂಬುದು ಶ್ಯಾಮಲಾಗೆ ಗೊತ್ತಿತ್ತು.

*

ಒಂಬತ್ತು ವರ್ಷದ ಹಿಂದೆ, ಮದುವೆಯಾದ ಹೊಸತು. ಅತ್ತೆ ಕೊಟ್ಟ ಸೀರೆಯ ಹಸಿರು ರವಿಕೆ ಕಣ ಕಾಣೆಯಾಗಿತ್ತು. ಬೈಗುಳಕ್ಕೆ ಹೆದರಿ, "ಹುಲಿಯಮ್ಮಂಗೆ ಹೊಲಿಯಕ್ಕೆ ಕೊಟ್ಟಿದೀನಿ" ಎಂದುಬಿಟ್ಟಳು ಶ್ಯಾಮಲಾ. ಅತ್ತೆ ಅವಳನ್ನು ಹುಲಿಯಮ್ಮನ ಅಂಗಡಿಗೇ ಎಳೆದುಕೊಂಡು ಹೋದರು. ಹುಲಿಯಮ್ಮ ಮೆಷಿನ್ ನಿಲ್ಲಿಸಿ, ನಡುಗುತ್ತಿದ್ದ ಸೊಸೆಯ ಮುಖ ನೋಡಿದಳು.

"ಹೌದಮ್ಮಾ, ಕೊಟ್ಟಿದ್ಲು. ನಾನೇ ಎಲ್ಲೋ ಕಳೆದೆ. ನಂದೇ ತಪ್ಪು."

ಸಾಗರದಿಂದ ಅಂಥದೇ ಬಟ್ಟೆ ತಂದು ಹೊಲಿದೂ ಕೊಟ್ಟಳು. ಕಣ ವಾರದೊಳಗೆ ಶ್ಯಾಮಲಾಳ ಟ್ರಂಕಿನ ತಳದಲ್ಲಿ ಸಿಕ್ಕಿತು. ಅಷ್ಟರಲ್ಲಿ ಅತ್ತೆ, ಹುಲಿಯಮ್ಮ ಬಟ್ಟೆ ಕದಿಯುತ್ತಾಳೆ ಎಂದು ಊರೆಲ್ಲ ಡಂಗುರ ಸಾರಿ ಆಗಿತ್ತು. ಅರ್ಧ ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ಬಾಯಿಬಿಡುವ ಧೈರ್ಯ ಶ್ಯಾಮಲಾಗೆ ಬರಲಿಲ್ಲ. ಒಮ್ಮೆ ಸಂತೆಯಲ್ಲಿ ಎದುರಾದಾಗ ತಲೆ ತಗ್ಗಿಸಿದಳು. ಹುಲಿಯಮ್ಮ ನಕ್ಕಳು. "ಅವತ್ತು ನಿನ್ನ ಮುಖಕ್ಕೆ ಜೀವ ಬಂತಲ್ಲ ಮಾರಾಯ್ತಿ, ನಂಗೆ ಒಳ್ಳೆ ನಿದ್ದೆ ಬಂತು."

ಅಂದಿನಿಂದ ನಿದ್ದೆಗೆಟ್ಟವಳು ಶ್ಯಾಮಲಾ.

*

ಅವಳು ಕಣ ಮಡಿಲಿಗಿಟ್ಟಾಗ ಹುಲಿಯಮ್ಮನ ಮಗಳು ಶಿಲ್ಪಶ್ರೀ ದಿಟ್ಟಿಸಿದಳು. ಅಂಥ ಬಟ್ಟೆಗಾಗಿ ಅಮ್ಮನ ಜೊತೆ ಸಾಗರದ ಅಂಗಡಿಗಳನ್ನೆಲ್ಲ ಅಲೆದಿದ್ದವಳು ಅವಳೇ.

"ನನ್ ಟ್ರಂಕಲ್ಲೇ ಇತ್ತು ಶಿಲ್ಪಾ," ಎಂದಳು ಶ್ಯಾಮಲಾ. "ನಿಮ್ಮಮ್ಮಂಗೆ ನಾನು ಕೊಟ್ಟೇ ಇರ್ಲಿಲ್ಲ."

"ಗೊತ್ತು. ಮೆಲ್ಲಗೆ ಮಾತಾಡಿ ಅಕ್ಕಾ," ಶಿಲ್ಪಶ್ರೀ ಪಿಸುಗುಟ್ಟಿದಳು. "ನಿಮ್ಮತ್ತೆ ಇಲ್ಲೇ ಕೂತಿದಾರೆ."

ಎಂದವಳೇ ಅಮ್ಮನ ಸೆರಗು ಎಳೆದು ಕಣವನ್ನು ಮುಚ್ಚಿದಳು.

ಅಯ್ಯೋ, ಇನ್ನೂ ಎಷ್ಟು ಜನ ತನ್ನನ್ನು ಕಾಯಬೇಕು! ಶ್ಯಾಮಲಾ ಆ ಸೆರಗನ್ನು ಸರಿಸಿದಳು. ಕಣವನ್ನು ಪೂರ್ತಿ ಬಿಡಿಸಿ, ಎಲ್ಲರಿಗೂ ಕಾಣುವಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಅತ್ತೇ," ಎಂದು ಕೂಗಿದಳು, "ಇಲ್ನೋಡಿ."