ಮೂರನೇ ಅಡಿಗಲ್ಲು ಯಾರ ಹಿತ್ತಲಿಗೆ?

ನರ್ಸಮ್ಮ ಸಂಜೆ ನಾಲ್ಕು ಗಂಟೆ ಬಸ್ಸಿಗೆ ಹೊರಟುಬಿಡುತ್ತಿದ್ದರು. ಆಮೇಲೆ ನಮ್ಮ ಕೊಪ್ಪಲಿನಲ್ಲಿ ಯಾರೂ ಕಾಯಿಲೆ ಬೀಳಬಾರದು, ಯಾರಿಗೂ ಹೆರಿಗೆ ನೋವು ಬರಬಾರದು. ಬಂದರೆ ಟ್ರಾಕ್ಟರು ಹುಡುಕಬೇಕು, ಓಡಿಸುವವರನ್ನು ಹುಡುಕಬೇಕು, ಕಬ್ಬಿನ ಗಾಡಿಗಳ ಹಿಂದೆ ತೆವಳಿಕೊಂಡು ಪಾಂಡವಪುರದ ಆಸ್ಪತ್ರೆ ಸೇರಬೇಕು.

ನಾನು ಪುಟ್ಟಗೌರಮ್ಮ, ಗ್ರಾಮ ಪಂಚಾಯಿತಿ ಮೆಂಬರು. ಹೆಂಗಸರ ಮೀಸಲಾತಿಯಲ್ಲಿ ಗೆದ್ದವಳು. ಗೆದ್ದ ದಿನ ಹಾರ ಹಾಕಿದರು. ಅವತ್ತಿನಿಂದ ನಲ್ಲಿ ಕೆಟ್ಟರೂ ನಾನೇ, ಬೀದಿ ದೀಪ ಕೆಟ್ಟರೂ ನಾನೇ, ಯಾರದೋ ಎಮ್ಮೆ ಹಗ್ಗ ಕಿತ್ತುಕೊಂಡು ಹೋದರೂ ನಾನೇ. ಸಾಕಪ್ಪಾ ಸಾಕು ಅನಿಸಿಬಿಟ್ಟಿದೆ. ಆದರೂ ಈ ಒಂದು ಸಂಗತಿ ಹೇಳಿಬಿಡುತ್ತೇನೆ, ಕೇಳಿ.

ನರ್ಸಮ್ಮ ಹೊರಟುಹೋಗುತ್ತಿದ್ದುದು ಅವರ ತಪ್ಪಲ್ಲ. ಇಂದಿರಮ್ಮ ಅಂತ ಅವರ ಹೆಸರು, ಶ್ರೀರಂಗಪಟ್ಟಣದವರು. ಯಜಮಾನರು ಅಲ್ಲೇ ಸ್ಕೂಲು ಮೇಷ್ಟ್ರು. “ಇರೋಕೆ ಒಂದು ಸೂರು ಕೊಡಿ, ಭಾನುವಾರ ಬಿಟ್ಟು ಮಿಕ್ಕ ದಿನ ಇಲ್ಲೇ ಇರ್ತೀನಿ” ಎಂದು ಬಂದ ದಿನದಿಂದ ಹೇಳುತ್ತಿದ್ದರು. ಅವರಿಗೆ ಅಂತ ಕಟ್ಟಿದ ಮನೆ ಇಲ್ಲದೆ ಇರಲಿಲ್ಲ. ಗ್ರಾಮ ಪಂಚಾಯಿತಿ ಬರುವ ಮೊದಲು, ಮಂಡಲ ಪಂಚಾಯಿತಿ ಕಾಲದಲ್ಲೇ ಆರೋಗ್ಯ ಉಪಕೇಂದ್ರ ಅಂತ ಎರಡು ಕೋಣೆ ಕಟ್ಟಲು ಶುರು ಮಾಡಿದರು. ಗೋಡೆ ಎದ್ದಿತು. ಸೂರಿಗೆ ಮೋಲ್ಡು ಹಾಕುವ ಹೊತ್ತಿಗೆ ದುಡ್ಡು ಮುಗಿಯಿತು. ಒಂದು ಕೋಣೆಯಲ್ಲಿ ಎಕ್ಕದ ಗಿಡ ಬೆಳೆದಿತ್ತು. ಇನ್ನೊಂದರಲ್ಲಿ ಮೇಲಿನ ಬೀದಿಯ ನಿಂಗರಾಜುವಿನ ಹೋತ ಸಂಸಾರ ಹೂಡಿತ್ತು.

ಪಕ್ಕದಲ್ಲಿ ಸಮುದಾಯ ಭವನ. ಅದು ಆಮೇಲೆ ಬಂದದ್ದು. ಅದಕ್ಕೂ ಗೋಡೆ ಇದೆ, ಸೂರಿಲ್ಲ. ಯಾರೋ ಹುಲ್ಲು ಒಟ್ಟಿಕೊಂಡಿದ್ದಾರೆ.

ಕಟ್ಟಡ ಅರ್ಧಕ್ಕೆ ನಿಂತರೂ ಅಡಿಗಲ್ಲಿನ ಪೂಜೆ ಮಾತ್ರ ಎರಡಕ್ಕೂ ಪೂರ್ತಿ ಆಯಿತು. ವಾಲಗ, ಪೇಟ, ಭಾಷಣ, ಕೇಸರಿಬಾತು. ನುಣ್ಣಗೆ ಉಜ್ಜಿದ ಕಲ್ಲು, ಅದರ ಮೇಲೆ ಸಾಲಾಗಿ ಹೆಸರುಗಳು. ಕೆಲಸ ನಿಂತ ಮೇಲೆ ಉಪಕೇಂದ್ರದ ಕಲ್ಲು ಹುಲ್ಲಿನಲ್ಲಿ ಬಿದ್ದಿತ್ತು. ನಮ್ಮ ಯಜಮಾನರು ಚಿಕ್ಕಸ್ವಾಮಿ ಅದನ್ನು ಗಾಡಿಗೆ ಹೇರಿಕೊಂಡು ಬಂದು, ಹೆಸರು ಕೆಳಗೆ ಮಾಡಿ ನಮ್ಮ ಹಿತ್ತಲಲ್ಲಿ ಹಾಕಿದರು. ಬಟ್ಟೆ ಒಗೆಯಲು ಅಂಥ ಕಲ್ಲು ಊರಲ್ಲೇ ಇಲ್ಲ. ಭವನದ ಕಲ್ಲನ್ನು ಇನ್ಯಾರೋ ಹೊತ್ತು ನಾಲೆಯ ಮೆಟ್ಟಿಲಿಗೆ ಹಾಕಿದರು. ಯಾರೂ ಯಾರನ್ನೂ ಕೇಳಲಿಲ್ಲ.

ಸಂಕ್ರಾಂತಿಗೆ ನನ್ನ ಮಗಳು ಅನುವನ್ನು ಗಂಡನ ಮನೆ ಮಾಕವಳ್ಳಿಯಿಂದ ಕರೆದುಕೊಂಡು ಬಂದೆವು. ಚೊಚ್ಚಲ ಬಸುರಿ. ಇಂದಿರಮ್ಮ ನೋಡಿ, “ಮಗು ಚೆನ್ನಾಗಿದೆ, ಯುಗಾದಿ ಆದ್ಮೇಲೆ ಆಗುತ್ತೆ. ಆದ್ರೆ ಗೌರಮ್ಮನವರೇ, ಚೊಚ್ಚಲು. ಆ ಹೊತ್ತಿಗೆ ನೋಡೋರು ಒಬ್ಬರು ಊರಲ್ಲೇ ಇರ್ಬೇಕು. ಆಸ್ಪತ್ರೆಗೆ ಕಳಿಸಬೇಕೋ ಬೇಡವೋ ಅಂತ ಹೇಳೋಕಾದರೂ ಬೇಕು” ಎಂದರು.

ನನಗೆ ಅವತ್ತಿನಿಂದ ಅದೇ ಚಿಂತೆ ಹತ್ತಿಕೊಂಡಿತು. ಹೋದ ವರ್ಷ ಪಕ್ಕದ ಮನೆ ಮಾಯಮ್ಮನ ಸೊಸೆಗೆ ಸಂಜೆ ನೋವು ಬಂದು, ನಮ್ಮ ಟ್ರಾಕ್ಟರಿನಲ್ಲೇ ಹೊರಟಿದ್ದರು. ಓಡಿಸಿದ್ದು ನಮ್ಮ ಯಜಮಾನರೇ. ದಾರಿಯಲ್ಲೇ ಹೆರಿಗೆ ಆಯಿತು. ಮಗು ಉಳಿಯಲಿಲ್ಲ. ಆ ಮಾತನ್ನು ಅವರು ಮನೆಯಲ್ಲಿ ಎತ್ತುವುದೇ ಇಲ್ಲ.

ಇಷ್ಟರಲ್ಲಿ ತಾಲೂಕಿನಿಂದ ಪಂಚಾಯಿತಿಗೆ ಸುದ್ದಿ ಬಂತು. ನಮ್ಮ ಊರಿಗೆ ಒಂದು ಕಟ್ಟಡದ ಕೆಲಸ ಇದೆ, ಯಾವುದು ಬೇಕೆಂದು ಗ್ರಾಮಸಭೆಯಲ್ಲಿ ತೀರ್ಮಾನಿಸಿ ಕಳಿಸಿ ಎಂದು. ಸಭೆಗೆ ಮೊದಲೇ ಮೇಲಿನ ಬೀದಿಯ ಗಂಡಸರು ತೀರ್ಮಾನ ಮಾಡಿಬಿಟ್ಟಿದ್ದರು. ಹೊಸ ಸಮುದಾಯ ಭವನ! ಮುಂದಾಳು ನಿಂಗರಾಜು. ಅವನ ಬೆನ್ನಿಗೆ ನಮ್ಮ ಯಜಮಾನರು.

ನಮ್ಮ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕಾಯುತ್ತಿತ್ತು. ಇಬ್ಬರೂ ಒಲೆಯ ಮುಂದೆ ಕೂತಿದ್ದರು. ಇಂದಿರಮ್ಮ ಬಸ್ಸಿಗೆ ಕಾಯುತ್ತಾ ಕಬ್ಬಿನ ಹಾಲು ಕುಡಿಯುತ್ತಿದ್ದರು. ಅಲ್ಲೇ ಕೇಳಿದೆ.

“ಇರೋ ಭವನಕ್ಕೇ ಸೂರಿಲ್ಲ. ಇನ್ನೊಂದು ಯಾತಕ್ಕೆ?”

“ಅದು ಕೆಳಗಿನ ಬೀದಿಯೋರ್ದು ಕಣಕ್ಕ. ಮದ್ವೆ ಗಿದ್ವೆ ಮಾಡಕ್ಕೆ ನಮ್ ಬೀದಿಗೂ ಒಂದು ಬ್ಯಾಡ್ವಾ?” ಎಂದ ನಿಂಗರಾಜು.

“ಮೊದ್ಲು ನರ್ಸಮ್ಮನ ಮನೆಗೆ ಮೋಲ್ಡು ಆಗ್ಲಿ. ಮನೇಲಿ ಬಸುರಿ ಮಗಳವ್ಳೆ.”

“ಹಳೇದಕ್ಕೆ ಯಾವನೇ ದುಡ್ ಕೊಟ್ಟಾನು?” ಎಂದರು ನಮ್ಮವರು. “ಒಸಾದು ಅಂದ್ರೆ ಕೊಡ್ತಾರೆ. ಬರೋದ್ನ ಯಾಕ್ ಬುಡಬೇಕು? ಅರ್ಧ ಆದ್ರೆ ಅರ್ಧ ಆಯ್ತದೆ. ನಮ್ಮಪ್ಪನ ಗಂಟೇನ್ ಓಯ್ತದೆ?”

ನನಗೆ ರೇಗಿತು. “ಕೊಪ್ಪರಿಗೆ ಅರ್ಧ ಕಾದಿರೋವಾಗ ಒಲೆ ಆರಿಸ್ಬುಟ್ಟು, ಪಕ್ಕದಲ್ಲಿ ಇನ್ನೊಂದು ಕೊಪ್ಪರಿಗೆ ಇಡ್ತೀರಾ ನೀವು?”

“ಥೂ, ಕಬ್ಬಿನಾಲು ಉಳಿ ಬಂದು ಎಮ್ಮೆನೂ ಮೂಸಾಕಿಲ್ಲ. ಅಂಗ್ ಯಾವನ್ ಮಾಡ್ತಾನೆ?”

“ಮತ್ತೆ ಅಲ್ಲಿ ಮಾಡಿರೋದೇನು?”

“ಇದು ನನ್ ಕಬ್ಬು ಕಣೆ. ಅದು ಸರ್ಕಾರದ್ದು.”

ಇಂದಿರಮ್ಮ ಲೋಟ ಕೆಳಗಿಟ್ಟರು. “ಸರ್ಕಾರದ್ದು ಅಂದ್ರೆ ಯಾರದು ಯಜಮಾನ್ರೇ? ನೀವು ಸೇದೋ ಬೀಡಿ, ಟ್ರಾಕ್ಟರಿಗೆ ಹಾಕೋ ಡೀಸೆಲ್ಲು, ಅಂಗಡೀಲಿ ತರೋ ಸೋಪು, ಎಲ್ಲದರಲ್ಲೂ ತೆರಿಗೆ ಸೇರಿಸಿಯೇ ನಿಮ್ಮ ಹತ್ರ ಈಸ್ಕೊಳ್ಳೋದು. ನೀವು ಕೊಟ್ಟ ದುಡ್ಡೇ ತಿರುಗಿ ಊರಿಗೆ ಬಂದು, ಅಗೋ ಅಲ್ಲಿ, ಹೋತಕ್ಕೆ ಕೊಟ್ಟಿಗೆ ಆಗಿದೆ.”

ನಿಂಗರಾಜು ನಕ್ಕ. “ನಮ್ ಓತಕ್ಕಾದ್ರೂ ಸರ್ಕಾರಿ ಮನೆ ಸಿಕ್ತಲ್ಲ ಬುಡಿ ನರ್ಸಮ್ಮ” ಎಂದ. ನಮ್ಮವರೂ ನಕ್ಕರು. ಬಸ್ಸು ಬಂತು, ಇಂದಿರಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅವರಿಗೂ ಹೇಳಿ ಹೇಳಿ ಸಾಕಾಗಿತ್ತು.

ಆ ವಾರವೇ ಒಂದು ಸಂಜೆ ಹಸು ಕರೆಯುತ್ತಿದ್ದೆ. “ಅವ್ವಾ!” ಎಂದು ಅನು ಕೂಗಿದಳು. ಓಡಿ ಹೋಗಿ ನೋಡಿದರೆ ನಡುಮನೆಯ ಕಂಬ ತಬ್ಬಿಕೊಂಡು ನಿಂತಿದ್ದಾಳೆ, ಮುಖವೆಲ್ಲ ಬೆವರು. ನರ್ಸಮ್ಮನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ನಮ್ಮವರು ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿದರು. ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂತೆ. ಮಾಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ದಾರಿಯಲ್ಲಿ ಒಂದು ಕಡೆ ಹಳ್ಳವೂ ಇಲ್ಲ, ಗಾಡಿಯೂ ಅಡ್ಡ ಇಲ್ಲ, ಟ್ರಾಕ್ಟರು ನಿಂತೇಹೋಯಿತು. ನಮ್ಮವರು ತಿರುಗಿ ಅನುವಿನ ಮುಖ ನೋಡಿದರು. ಮಾಯಮ್ಮನ ಸೊಸೆಗೆ ಹೆರಿಗೆ ಆದದ್ದು ಅಲ್ಲೇ ಎಂದು ನನಗೆ ಆಗ ಅರ್ಥವಾಯಿತು.

“ಓಡ್ಸಿ” ಎಂದೆ. ಓಡಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, “ಇದು ಸುಳ್ಳು ನೋವು. ಇನ್ನೂ ದಿನ ಇದೆ, ಕರ್ಕೊಂಡು ಹೋಗಿ” ಎಂದರು. ದೇವರು ದೊಡ್ಡವನು. ಆದರೆ ನಿಜವಾದ ನೋವು ನಾಲ್ಕು ಗಂಟೆಗೆ ಮೊದಲೇ ಬರುತ್ತದೆ ಅಂತ ಬರೆದುಕೊಟ್ಟವರು ಯಾರು? ಬರುವಾಗ ದಾರಿ ಪೂರ್ತಿ ನಾನು ಅದನ್ನೇ ಹೇಳುತ್ತಿದ್ದೆ. ಯಜಮಾನರು ಕಿವಿಗೇ ಹಾಕಿಕೊಳ್ಳದವರ ಹಾಗೆ ಟ್ರಾಕ್ಟರು ಓಡಿಸಿದರು. ಬೀದಿಯವರಿಗೆ ಮಾತು ಕೊಟ್ಟಿದ್ದರಲ್ಲ.

ನಮ್ಮ ಊರಿನ ಗ್ರಾಮಸಭೆ ಎಂದರೆ ನಿಮಗೆ ಗೊತ್ತಿರಬೇಕು, ನಿಮ್ಮ ಊರಲ್ಲೂ ಹಾಗೇ ಇದ್ದೀತು. ಸ್ಕೂಲಿನ ಜಗಲಿಯ ಮೇಲೆ ಬೆರಳೆಣಿಕೆಯಷ್ಟು ಗಂಡಸರು ಕೂರುತ್ತಾರೆ, ಟೀ ಕುಡಿಯುತ್ತಾರೆ, ಏಳುತ್ತಾರೆ. ಮಿಕ್ಕವರ ಸಹಿ, ಹೆಬ್ಬೆಟ್ಟು ಆಮೇಲೆ ಮನೆಮನೆಗೆ ಹುಡುಕಿಕೊಂಡು ಬರುತ್ತವೆ. ನಾವೂ ಏನೆಂದು ಕೇಳದೆ ಒತ್ತಿಬಿಡುತ್ತೇವೆ.

ಈ ಸಲ ಡೈರಿಗೆ ಹಾಲು ಹಾಕಲು ಬಂದ ಹೆಂಗಸರನ್ನೆಲ್ಲ ಅಲ್ಲೇ ಹಿಡಿದೆ. “ನಾವ್ ಬಂದು ಏನ್ ಮಾಡಾನ ಅಕ್ಕ? ನಮಗೇನ್ ಗೊತ್ತಾಯ್ತದೆ?” ಎಂದರು. “ಹೆರೋದು ಗೊತ್ತಲ್ಲ, ಅಷ್ಟು ಗೊತ್ತಿದ್ರೆ ಸಾಕು, ಬನ್ನಿ” ಎಂದೆ. ಕಾಲಿನ ಹಿಂದೆ ಕಾಲು ಎಳೆದುಕೊಂಡು ಮನೆ ಮನೆ ತಿರುಗಿದೆ. ಬಹಳ ಜನ ನೋಡೋಣ ಎಂದರು. ಮಾಯಮ್ಮ ಮಾತ್ರ, “ನಾನ್ ಬತ್ತೀನಿ” ಎಂದಳು.

ಸಭೆಯ ದಿನ ಬೆಳಿಗ್ಗೆ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರೆ ಒಗೆಯುವ ಕಲ್ಲೇ ಇಲ್ಲ! ಹಸಿ ಮಣ್ಣು, ಎರೆಹುಳ, ಅಷ್ಟೇ. ಯಜಮಾನರೂ ಇಲ್ಲ, ಎತ್ತೂ ಇಲ್ಲ, ಗಾಡಿಯೂ ಇಲ್ಲ. ಬೈದುಕೊಂಡೇ ಸಭೆಗೆ ಹೋದೆ.

ಹೆಂಗಸರು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಬಂದಿದ್ದರು. ತಾಲೂಕಿನಿಂದ ಇಂಜಿನಿಯರು ಬಂದಿದ್ದರು. ನಿಂಗರಾಜು ಎದ್ದು, “ಮೇಲಿನ ಬೀದಿಗೆ ಒಂದು ಸಮುದಾಯ ಭವನ ಆಗ್ಬೇಕು ಸಾ. ಎಲ್ರೂ ಒಪ್ಪವ್ರೆ” ಎಂದ. ಅಷ್ಟರಲ್ಲಿ ಎತ್ತಿನ ಗಂಟೆ ಸದ್ದಾಯಿತು. ನಮ್ಮ ಗಾಡಿ! ನಮ್ಮವರು ಇಬ್ಬರು ಆಳುಗಳ ಜೊತೆ ಸೇರಿ ಕಲ್ಲನ್ನು ಇಳಿಸಿ, ಜಗಲಿಗೆ ಒರಗಿಸಿ ನಿಲ್ಲಿಸಿದರು. ಕೆಸರು ಮೆತ್ತಿತ್ತು. ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿದರು. ಹೆಸರುಗಳು ಒಂದೊಂದಾಗಿ ಕಂಡವು.

“ಇದು ನರ್ಸಮ್ಮನ ಮನೇದು. ಒಂದ್ನೇ ಕಲ್ಲು,” ಎಂದರು. “ಇಷ್ಟು ವರ್ಸ ಇದರ ಮ್ಯಾಲೆ ನಮ್ಮನೇರು ಬಟ್ಟೆ ಒಗ್ದವ್ರೆ. ಎರಡ್ನೇದು ನಾಲೆ ಮೆಟ್ಲಲ್ಲದೆ, ಎಲ್ರೂ ಕಾಲು ತೊಳ್ಕತೀರಿ. ಈಗ ಮೂರ್ನೇದು ಬತ್ತದೆ. ಅದು ಯಾರ್ ಇತ್ತಲಿಗೆ ಬೇಕು, ಈಗ್ಲೇ ಯೋಳ್ಬುಡಿ.”

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಯಾರೂ ನಗಲಿಲ್ಲ.

“ಏನ್ಲಾ ಚಿಕ್ಕಸ್ವಾಮಿ, ಮಾತ್ ಕೊಟ್ಬುಟ್ಟು ಇಂಗ್ ಮಾಡದಾ?” ಎಂದ ನಿಂಗರಾಜು.

“ಕೊಟ್ಟಿದ್ದೆ ಕಣ್ಲಾ. ವಾಪಸ್ ತಗತಾ ಇವ್ನಿ. ಬಯ್ಯದಾದ್ರೆ ಬಯ್ಕೊ.” ಅವರು ಸಭೆಯ ಕಡೆ ತಿರುಗಿದರು. “ಹೋದ ವರ್ಸ ಆ ಟ್ರಾಕ್ಟರು ಓಡಿಸ್ದೋನು ನಾನು. ಮೊನ್ನೆ ಮಗಳ್ನ ಮಲಗಿಸ್ಕೊಂಡು ಓಡಿಸ್ದೋನೂ ನಾನೇ. ನಂಗೆ ಭವನ ಬ್ಯಾಡ.”

ಮಾಯಮ್ಮ ಎದ್ದು ನಿಂತಳು. ಮಾತಾಡುತ್ತಾಳೆ ಎಂದುಕೊಂಡೆವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದು ಕೈ ಎತ್ತಿದಳು, ಅಷ್ಟೇ. ನಾನೂ ಎತ್ತಿದೆ. ಹೆಂಗಸರೆಲ್ಲ ಎತ್ತಿದರು.

ನಾನು ಇಂಜಿನಿಯರನ್ನು ಕೇಳಿದೆ, “ಅರ್ಧಕ್ಕೆ ನಿಂತಿರೋದನ್ನ ಮುಗಿಸೋಕೆ ಆಗಲ್ವಾ ಸಾರ್?”

“ಯಾಕಾಗಲ್ಲಮ್ಮ? ಗೋಡೆ ಗಟ್ಟಿಯಾಗಿದೆ. ಹೊಸದಾಗಿ ಎಸ್ಟಿಮೇಟ್ ಮಾಡಿದರಾಯ್ತು, ಖರ್ಚೂ ಕಮ್ಮಿ. ಆದರೆ ಅದನ್ನ ಮುಗಿಸಿಕೊಡಿ ಅಂತ ನಿಮ್ಮ ಊರಿಂದ ಒಂದು ನಿರ್ಣಯನೂ ಬಂದಿಲ್ಲವಲ್ಲ. ಪ್ರತಿ ಸಲ ನೀವು ಕೇಳಿರೋದೇ ಹೊಸದು.”

ಇಷ್ಟು ವರ್ಷ ಯಾರನ್ನು ಬೈದುಕೊಂಡು ಓಡಾಡಿದೆವೋ ಏನೋ! ನಿರ್ಣಯವನ್ನು ಅಲ್ಲೇ ಬರೆಸಿ, ಎಲ್ಲರಿಗೂ ಓದಿ ಹೇಳಿಸಿ, ಆಮೇಲೆ ಸಹಿ ಹಾಕಿಸಿದೆ.

ಮಾರ್ಚಿನೊಳಗೆ ದುಡ್ಡು ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ ಎಂದು ಇಂಜಿನಿಯರೂ ಬೆನ್ನು ಬಿದ್ದು ಕೆಲಸ ಮಾಡಿಸಿದರು. ನಿಂಗರಾಜು ಗೊಣಗಿಕೊಂಡೇ ಹೋತ ಬಿಚ್ಚಿಕೊಂಡು ಹೋದ. ಮೋಲ್ಡು ಹಾಕಿದ ದಿನ ನಾವು ಹೆಂಗಸರು ಅಲ್ಲೇ ಕೂತು ಸಿಮೆಂಟು, ಮರಳು ಬೆರೆಸುವುದನ್ನು ನೋಡಿದೆವು. ಕಂಟ್ರಾಕ್ಟರು ತಾರಸಿಗೆ ನೀರು ಕಟ್ಟಿಸದೆ ಹೊರಡಲು ನೋಡಿದ. “ನಿಮ್ಮನೆ ಮೋಲ್ಡಾಗಿದ್ರೆ ಇಂಗೇ ಒಣಗಕ್ಕೆ ಬುಡ್ತಿದ್ಯಾ?” ಎಂದು ಮಾಯಮ್ಮ ಅಡ್ಡ ನಿಂತಳು. ಕಟ್ಟಿಸಿದ. ಆ ಕಲ್ಲನ್ನು ಗೋಡೆಗೆ ಕೂರಿಸಿದರು, ಹೆಸರು ಹೊರಗೆ ಮಾಡಿ. ಆ ಹೆಸರಿನವರು ಯಾರೂ ನೋಡಲು ಬಂದಿಲ್ಲ.

ಎರಡು ಬಾಗಿಲು ಬರಬೇಕಿತ್ತು, ಒಂದೇ ಬಂತು. ಅದನ್ನು ಇಂದಿರಮ್ಮ ಮಲಗುವ ಕೋಣೆಗೆ ಹಾಕಿದರು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅನುವಿಗೆ ನೋವು ಬಂತು. ಸುಳ್ಳು ನೋವಲ್ಲ. ನಾಲ್ಕು ಗಂಟೆ ಬಸ್ಸು ಆಗಲೇ ಹೋಗಿತ್ತು. ಆದರೆ ಇಂದಿರಮ್ಮ ಊರಲ್ಲೇ ಇದ್ದರು. ನೋಡಿ, “ಎಲ್ಲ ಸರಿಯಾಗಿದೆ, ಇಲ್ಲೇ ಆಗುತ್ತೆ” ಎಂದರು. ಹೆರಿಗೆ ಮಾಡಿಸುವ ಇನ್ನೊಂದು ಕೋಣೆಗೆ ಬಾಗಿಲಿರಲಿಲ್ಲವಲ್ಲ, ನಮ್ಮವರು ಕಂಬಳಿ ತಂದು ಅಡ್ಡ ಕಟ್ಟಿದರು. ಗಾಳಿಗೆ ಅದು ನಿಲ್ಲಲಿಲ್ಲ. ಆಮೇಲೆ ಕಂಬಳಿಯ ಎರಡು ತುದಿ ಹಿಡಿದು, ಬೆನ್ನು ಒಳಗೆ ಮಾಡಿ, ಬಾಗಿಲಿನ ಹಾಗೆ ತಾವೇ ನಿಂತರು. ಮಗು ಅಳುವವರೆಗೂ ಅಲ್ಲಾಡಲಿಲ್ಲ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಇಂದಿರಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. ಮೊಮ್ಮಗಳನ್ನು ನೋಡಿ ನಮ್ಮವರು ಕಣ್ಣೀರು ಹಾಕಿದರು. ಆಮೇಲೆ ತೋಳು ನೀವಿಕೊಳ್ಳುತ್ತಾ ಕೇಳಿದರು, “ನರ್ಸಮ್ಮ, ಈ ಬಾಗ್ಲು ಯಾವಾಗ ಬತ್ತದೆ?”

“ಮುಂದಿನ ಗ್ರಾಮಸಭೇಲಿ ಕೇಳಿ ಯಜಮಾನ್ರೇ.”

ಈಗ ನನ್ನ ಹಿತ್ತಲಲ್ಲಿ ಕಲ್ಲಿಲ್ಲ. ಬಾಣಂತಿ ಬಟ್ಟೆ ಹೊತ್ತುಕೊಂಡು ನಾಲೆಗೆ ಹೋಗುತ್ತೇನೆ. ಅಲ್ಲಿ ಎರಡನೇ ಕಲ್ಲಿನ ಮೇಲೆ ಒಗೆಯುತ್ತಾ ಕೂತರೆ, ಸೂರಿಲ್ಲದ ಭವನ ಕಣ್ಣಿಗೆ ಬೀಳುತ್ತದೆ. ಸೊಂಟ ನೋಯುತ್ತದೆ. ಈ ಕಲ್ಲನ್ನೂ ಒಂದು ದಿನ ಆ ಭವನಕ್ಕೆ ಹೊರಬೇಕಲ್ಲಾ ಅನಿಸುತ್ತದೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನಲ್ಲೂ ಅರ್ಧಕ್ಕೆ ನಿಂತದ್ದು ಏನಾದರೂ ಇದ್ದೇ ಇರುತ್ತದೆ. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು, ಅದು ಕಾಯ್ದೆ. ಕೆಲಸ ಬಿಟ್ಟು ಹೋಗಿ ಕೂತುಕೊಳ್ಳಿ. ಹೊಸದು ಕೇಳುವ ಮೊದಲು ಹಳೆಯದನ್ನು ಮುಗಿಸಿಕೊಡಿ ಎಂದು ಕೇಳಿ, ನಿರ್ಣಯ ಬರೆಸಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಕೆಲಸ ನಡೆಯುವಾಗ ನಿಂತು ನೋಡಿ, ಅದು ನಿಮ್ಮದೇ ದುಡ್ಡು. ಅದಕ್ಕೂ ಮೊದಲು, ಇವತ್ತೇ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲನ್ನು ಒಂದು ಸಲ ಮಗುಚಿ ನೋಡಿ.