ದೇಜಪ್ಪನವರ ತೋರುಬೆರಳು

ದೇಜಪ್ಪನವರ ಬಲಗೈಯ ತೋರುಬೆರಳು ಪೂರ್ತಿ ಮಡಚಿದ್ದನ್ನು ನಾನು ಎಂದೂ ಕಂಡವನಲ್ಲ. ಲೋಕಲ್ ರೈಲಿನ ಕಂಬಿ ಹಿಡಿದಾಗಲೂ, ವರ್ತಕ ನಗರದ ಪುಂಡರೀಕಾಕ್ಷ ರಾಯರ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆಹಿಟ್ಟಿನ ಹದ ನೋಡುವಾಗಲೂ, ಆ ಬೆರಳು ಮಾತ್ರ ಯಾವುದೋ ಅದೃಶ್ಯ ದಾರದ ಮೇಲೆ ಒರಗಿದಂತೆ ಅರ್ಧ ಬಾಗಿ, ಕಿವಿಗೊಟ್ಟು ನಿಂತಿರುತ್ತಿತ್ತು.

ಅದು ಹುಟ್ಟೂರು ಉದ್ಯಾವರದ ಅಳಿವೆಯಲ್ಲಿ ಕಾಣೆ ಮೀನು ಹಿಡಿದು ಪಳಗಿದ ಬೆರಳು. ಮರಳಿನ ತಳದಲ್ಲಿ ಹುಳ ಹೆಕ್ಕುವ ಆ ಮೀನು ಗಾಳದ ದಪ್ಪ ದಾರದ ಹತ್ತಿರ ಸುಳಿಯದು. ಕೂದಲಿನಷ್ಟು ತೆಳುವಾದ ದಾರ, ಕಡಲೆಕಾಳಿನಷ್ಟು ಸೀಸ, ಅಪಾರ ಸಂಯಮ ಬೇಕು. “ಕಾಣೆ ಎಳೆಯುದಿಲ್ಲ ಮಾರಾಯ್ರೆ, ಬಾಗಿಲು ತಟ್ಟಿ ಕೇಳ್ತದೆ ಅಷ್ಟೇ,” ಎನ್ನುತ್ತಿದ್ದರು.

ಸೋಮವಾರದ ರಜೆಗೆ, ಜೇಬು ಹರಿದ ಖಾಕಿ ಕೋಟು ತೊಟ್ಟು, ಎಡಕ್ಕೆ ತುಸು ವಾಲುತ್ತ ಅವರು ವಾಶಿಯ ಖಾಡಿಗೆ, ಅಲ್ಲಿನ ಕಡಲ ಹಿನ್ನೀರಿಗೆ, ಗಾಳ ಹಾಕಲು ಹೋಗುತ್ತಿದ್ದರು. ಬಂದು ತಲೆಗೆ ಸ್ನಾನ ಮಾಡದೆ ಹೋಟೆಲಿನ ಹೊಸ್ತಿಲು ದಾಟುತ್ತಿರಲಿಲ್ಲ. ಆ ಕೆಸರುನೀರಿನಲ್ಲಿ ಹೆಚ್ಚಾಗಿ ಸಿಗುವುದು ಶಿಂಗಾಳಾ ಎಂಬ ಒರಟು ಮೀಸೆಮೀನು. ಅದು ಒಂದೇ ಜಗ್ಗಿಗೆ ಅವರ ದಾರ ಹರಿದುಕೊಂಡು ಹೋಗುತ್ತಿತ್ತು. “ಕಾಕಾ, ಜಾಡಾ ದೋರಾ ಲಾವಾ ನಾ!” ಎಂದು ಪಕ್ಕದ ಮರಾಠಿಗರು ತಮ್ಮ ದಪ್ಪ ದಾರ ತೋರಿಸಿ, ಇಂಥದ್ದು ಹಾಕಿ ಎಂದು ನಗುತ್ತಿದ್ದರು. ಇಪ್ಪತ್ತು ವರ್ಷ ಇವರು ತೆಳು ದಾರ ಬಿಡಲಿಲ್ಲ, ಕಾಣೆಯೂ ಸಿಗಲಿಲ್ಲ. ಅದೇ ಹೋಟೆಲಿನಲ್ಲಿ ದುಡಿಯುವ ನನಗಂತೂ ಅದು ಶುದ್ಧ ಹುಚ್ಚೆಂದೇ ತೋರುತ್ತಿತ್ತು.

ಕಳೆದ ವರ್ಷ ಸಕ್ಕರೆ ಕಾಯಿಲೆ ಅವರ ಬೆರಳುಗಳ ಸ್ಪರ್ಶವನ್ನೇ ತಿಂದುಹಾಕಿತು. ಹಿಟ್ಟಿನ ಹದ ತಿಳಿಯದಾದಾಗ ರಾಯರು ಅವರನ್ನು ಬೇರೆ ಕೆಲಸಕ್ಕೆ ಹಾಕಿದರು. ಅದಕ್ಕೆ ಅವರು ಅಷ್ಟಾಗಿ ಕೊರಗಲಿಲ್ಲ. “ಇನ್ನು ಕಾಣೆ ಬಂದ್ರೂ ನಂಗೆ ಗೊತ್ತಾಗುದಿಲ್ಲ,” ಎಂದಾಗ ಮಾತ್ರ ಧ್ವನಿ ನಡುಗಿತು. ಮುಂದಿನ ಸೋಮವಾರ ಜೊತೆಗೆ ನಾನೂ ಹೊರಟೆ.

ಖಾಡಿಯಲ್ಲಿ ನೀರು ಏರುತ್ತಿತ್ತು. ದೇಜಪ್ಪನವರು ಗಾಳ ಇಳಿಸಿ, ದಾರವನ್ನು ಕೆಳತುಟಿಗೆ ತಾಗಿಸಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ತುಟಿ ಅದುರಿತು.

“ಬಂತು. ಅದೇ!” ಎಂದರು, ಕಣ್ಣು ತೆರೆಯದೆ.

“ಎಳೀರಿ ಮತ್ತೆ!” ಎಂದು ಕೂಗಿದೆ.

ಅವರು ಎಳೆಯಲಿಲ್ಲ. ದಾರ ಎರಡು ಸಲ ಮಿಡಿದು ಸಡಿಲವಾಯಿತು.

“ಎಳೆದಾಗ ಶಿಂಗಾಳಾ ಮರಿ ಬಂದ್ರೆ ಎಂತ ಮಾಡುದು?” ಎಂದು ಒದ್ದೆ ಕಣ್ಣಲ್ಲಿ ನಕ್ಕರು.

ಊರು ಬಿಟ್ಟು ಬಂದು ನೀರಿನಂಚಿಗೆ ಕೂರುವ ಇಂಥವರು ಮೀನಿಗಿಂತ ಹೆಚ್ಚಾಗಿ, ತಮ್ಮನ್ನು ಕೇಳಿಕೊಂಡು ಬರುವಂಥ ಊರಿನದೇನೋ ತಳದಲ್ಲಿ ಇನ್ನೂ ಇದೆ ಎಂಬ ನಂಬಿಕೆಯನ್ನು ಕಾಯುತ್ತಿರುತ್ತಾರೆ. ಅದನ್ನು ಮೇಲೆತ್ತಿ ನೋಡುವ ಧೈರ್ಯ, ಅವರಂತೆಯೇ ಊರು ಬಿಟ್ಟು ಬಂದ ನನಗೂ ಇಲ್ಲ.