ಮೂವತ್ತೇಳನೇ ನಂಬರು

ಪ್ರಾರ್ಥನೆ ಮುಗಿದು ಮಕ್ಕಳು ತಂತಮ್ಮ ತರಗತಿಗಳಿಗೆ ಹೋದ ಮೇಲೆ ಹಾಲಿನವನು ಸೈಕಲ್ಲನ್ನು ಶಾಲೆಯ ಗೋಡೆಗೆ ಒರಗಿಸಿ ಮೇಷ್ಟ್ರುಗಳ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗೆ ಬರುವಂತೆ ಕರೆದರೂ ಬರಲಿಲ್ಲ.

"ಮಗಳ ಟೀಸಿ ಬೇಕಿತ್ತು ಸಾರ್," ಅಂದ.

ಹಾಜರಿ ಪುಸ್ತಕ ಹಿಡಿದು ಎದ್ದಿದ್ದ ವಿಜ್ಞಾನದ ಮೇಷ್ಟ್ರು ಮತ್ತೆ ಕುಳಿತರು. ಹತ್ತನೇ ತರಗತಿ ಅವರದು. ಪಬ್ಲಿಕ್ ಪರೀಕ್ಷೆಗೆ ಇನ್ನು ಹತ್ತು ವಾರ ಉಳಿದಿತ್ತು. ಈಗ ಹೆಸರು ತೆಗೆಸಿದರೆ ಹುಡುಗಿ ಪರೀಕ್ಷೆಗೆ ಕೂರುವಂತಿರಲಿಲ್ಲ. ಹಾಗೆ ನಡುವೆ ಬಿಟ್ಟ ಹೆಣ್ಣುಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ಅವರು ತಮ್ಮ ಹದಿನೆಂಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಯಾಕಪ್ಪಾ? ಊರು ಬಿಡ್ತಿದೀರಾ?"

"ಇಲ್ಲ ಸಾರ್."

"ಮದುವೆಗಿದುವೆ ಏನಾದ್ರೂ…"

"ಅದೆಲ್ಲ ಏನಿಲ್ಲ. ಕಕ್ಕಸು ತೊಳೆಯೋದೇ ಆದ್ರೆ ನಮ್ಮನೇಲೂ ಒಂದಿದೆ. ಅದಕ್ಕೋಸ್ಕರ ಮೂರು ಮೈಲಿ ನಡ್ಕೊಂಡು ಇಲ್ಲಿಗ್ಯಾಕೆ ಬರಬೇಕು?"

ಮೂಲೆಯಲ್ಲಿ ಟೀ ಹೀರುತ್ತಿದ್ದ ಸಮಾಜದ ಮೇಷ್ಟ್ರು ಮೂಗಿನಲ್ಲೇ ನಕ್ಕರು. "ತಪ್ಪು ಮಾಡಿದ್ರೆ ತೊಳೀಬೇಕಪ್ಪಾ. ನಾವೇನು ಹೊಡೆದ್ವಾ, ಬಡಿದ್ವಾ?"

ಹಾಲಿನವನು ಅವರ ಕಡೆ ನೋಡಲೇ ಇಲ್ಲ. "ಒಂದು ಶನಿವಾರ ಆದ್ರೆ ನಾನೂ ಸುಮ್ನಿರ್ತಿದ್ದೆ. ಆರು ಶನಿವಾರ ಸಾರ್. ಕೈ ಚರ್ಮ ಎಲ್ಲ ಸುಲಿದು ಹೋಗಿದೆ. ಏನಮ್ಮಾ ಇದು ಅಂದ್ರೆ ಬಾಯಿ ಬಿಡ್ತಿರಲಿಲ್ಲ. ನಿನ್ನೆ ಅವರಮ್ಮ ಹಿಡ್ಕೊಂಡು ಕೇಳಿದ್ಮೇಲೆ ಹೇಳಿದ್ಲು."

"ಸಾಯಂಕಾಲದ ತನಕ ಟೈಮ್ ಕೊಡಿ," ಎಂದರು ವಿಜ್ಞಾನದ ಮೇಷ್ಟ್ರು. "ನಾನೇ ಬಂದು ಮಾತಾಡ್ತೀನಿ."

"ಬನ್ನಿ. ಅರ್ಜಿ ಮಾತ್ರ ಇಲ್ಲಿಟ್ಟು ಹೋಗ್ತೀನಿ," ಎಂದು ಅವನು ನಾಲ್ಕು ಮಡಿಕೆಯ ಕಾಗದವೊಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ.

ಮೇಷ್ಟ್ರು ಹತ್ತನೇ ತರಗತಿಯ ಕಡೆ ನಡೆದರು. ಆ ಹೊತ್ತಿಗೆ ಉಳಿದ ಕೋಣೆಗಳಲ್ಲೆಲ್ಲ ಗಲಾಟೆ ಇದ್ದರೆ, ಅವರ ಕೋಣೆಯಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳುವಂತಿತ್ತು. ವರ್ಷದ ಆರಂಭದಲ್ಲಿ ಹೀಗಿರಲಿಲ್ಲ. ಪಾಠದ ನಡುವೆ ಶಿಳ್ಳೆ, ಬೆಂಚು ಎಳೆದಾಟ, ಬೋರ್ಡಿಗೆ ತಿರುಗಿದರೆ ಬೆನ್ನಿಗೆ ಸೀಮೆಸುಣ್ಣದ ಚೂರು. ಹೊಡೆಯುವಂತಿರಲಿಲ್ಲ, ಹೊಡೆಯುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಹಿಂದೊಮ್ಮೆ ಪಕ್ಕದ ಕೋಣೆಯಲ್ಲಿ ಏಟು ತಿಂದ ಒಬ್ಬನ ಕಿವಿಯಿಂದ ರಕ್ತ ಬಂದದ್ದನ್ನು ನೋಡಿದ್ದರು. ನನ್ನ ಕೈ ಯಾವ ಮಗುವಿನ ಮೇಲೂ ಬಿದ್ದಿಲ್ಲ ಎಂದು ಹೆಂಡತಿಯ ಬಳಿ ಆಗಾಗ ಹೇಳಿಕೊಳ್ಳುತ್ತಿದ್ದರು.

ಆದ್ದರಿಂದ ಚೀಟಿಯ ಡಬ್ಬ ತಂದರು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ, ಮುಚ್ಚಳದಲ್ಲಿ ಒಂದು ಸೀಳು. ದಿನದ ಕೊನೆಗೆ ಪ್ರತಿಯೊಬ್ಬರೂ ಆ ದಿನ ಗಲಾಟೆ ಮಾಡಿದ ಒಬ್ಬರ ಹೆಸರು ಬರೆದು ಅದರಲ್ಲಿ ಹಾಕಬೇಕು. ಬರೆದವರ ಹೆಸರು ಬೇಡ. ಖಾಲಿ ಚೀಟಿ ಹಾಕುವಂತಿಲ್ಲ. ಯಾರೂ ಇಲ್ಲ ಎಂದು ಬರೆದವರ ಲೆಕ್ಕಕ್ಕೇ ಒಂದು ಗುರುತು. ಕ್ಲಾಸಿನ ಲೀಡರ್ ಹುಡುಗಿ ಎಣಿಸಿ, ಹೆಚ್ಚು ಗುರುತು ಬಿದ್ದವರ ಹಾಜರಿ ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ವಾರದಲ್ಲಿ ಹೆಚ್ಚು ಸಲ ಬಂದ ನಂಬರಿನವರು ಶನಿವಾರ ಮಧ್ಯಾಹ್ನ ಕಕ್ಕಸು ತೊಳೆಯಬೇಕು. ಒಂದೇ ವಾರದಲ್ಲಿ ಕೋಣೆ ತಣ್ಣಗಾಯಿತು. ಹೆಡ್ ಮೇಷ್ಟ್ರು ಕಿಟಕಿಯಲ್ಲಿ ಇಣುಕಿ, "ಏನ್ರೀ, ಮಂತ್ರಗಿಂತ್ರ ಹಾಕಿದ್ರಾ?" ಎಂದು ಬೆನ್ನು ತಟ್ಟಿದ್ದರು.

ಇವತ್ತು ಮೇಷ್ಟ್ರು ಹಾಜರಿ ಕೂಗಲಿಲ್ಲ. ಲೀಡರ್ ಎಣಿಸಿ ಮತ್ತೆ ತುಂಬಿಟ್ಟಿದ್ದ ನಿನ್ನೆಯ ಚೀಟಿಗಳು ಡಬ್ಬದಲ್ಲೇ ಇದ್ದವು. ಮೇಜಿನ ಮೇಲೆ ಸುರಿದು ಒಂದೊಂದನ್ನೇ ಬಿಡಿಸಿದರು. ಮೊದಲ ಸಲ ಅವರೇ ಬಿಡಿಸುತ್ತಿದ್ದುದು.

ಮೊದಲನೆಯದರಲ್ಲಿ "ಸಗಣಿ" ಎಂದಿತ್ತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಸಗಣಿಯ ಪಕ್ಕದಲ್ಲಿ ಹಸುವಿನ ಬಾಲ ಬರೆದಿತ್ತು. ಒಂದರ ಅಕ್ಷರ ಮುತ್ತು ಪೋಣಿಸಿದ ಹಾಗೆ, ಇನ್ನೊಂದರಲ್ಲಿ ಕೆಂಪು ಶಾಯಿಯ ಅಡಿಗೆರೆ. ಹೀಗೆ ನಲವತ್ತು. ನಲವತ್ತೊಂದನೆಯದರಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ "ಯಾರೂ ಇಲ್ಲ" ಎಂದಿತ್ತು.

"ಸಗಣಿ ಅಂದ್ರೆ ಯಾರು?"

ಹಿಂದಿನ ಬೆಂಚಿನವರು ಒಬ್ಬರ ಭುಜಕ್ಕೊಬ್ಬರು ಮುಖ ಒತ್ತಿ ನಗು ತಡೆದುಕೊಂಡರು.

ಲೀಡರ್ ಎದ್ದಳು. ಎರಡು ಜಡೆಯ, ಯಾವಾಗಲೂ ಮೊದಲ ಸ್ಥಾನ ಬರುವ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ. "ಮೂವತ್ತೇಳು ಸರ್. ಹಾಲಿನವರ ಮನೇದು. ದಿನಾ ಕೊಟ್ಟಿಗೆಯಿಂದ ನೇರ ಬರ್ತಾಳೆ, ಅದಕ್ಕೆ."

"ಅವಳು ಗಲಾಟೆ ಮಾಡ್ತಾಳಾ?"

"ಇಲ್ಲ ಸರ್. ಅವಳು ಮಾತೇ ಆಡಲ್ಲ."

"ಮತ್ತೆ?"

"ಖಾಲಿ ಹಾಕಬಾರದು ಅಂದಿದ್ರಲ್ಲ ಸರ್. ಯಾರದ್ದಾದ್ರೂ ಬರೀಲೇಬೇಕು. ಬೇರೆಯವರದ್ದು ಬರೆದ್ರೆ ಅವರೂ ನಮ್ಮದು ಬರೀತಾರೆ, ಜಗಳ ಆಗತ್ತೆ. ಅವಳದ್ದು ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ. ಅವಳಿಗೆ ಫ್ರೆಂಡ್ಸೂ ಇಲ್ಲ."

"ಈ ಒಂದು ಚೀಟಿ?"

"ಅದು ಅವಳೇ ಬರೆಯೋದು ಸರ್, ದಿನಾ. ಅಕ್ಷರ ನೋಡಿದ್ರೆ ಗೊತ್ತಾಗತ್ತೆ. ಯಾರೂ ಇಲ್ಲ ಅಂತ ಬರೆದ್ರೆ ಬರೆದವರಿಗೇ ಗುರುತು ಅಂದಿದ್ರಿ. ಅದಕ್ಕೆ ಅದನ್ನೂ ಅವಳಿಗೇ ಸೇರಿಸ್ತೀನಿ. ನಲವತ್ತೊಂದಕ್ಕೆ ನಲವತ್ತೊಂದು."

ಒಪ್ಪಿಸಿದ ಪಾಠಕ್ಕೆ ಶಹಬ್ಬಾಸ್ ಕಾಯುವವಳಂತೆ ಅವಳು ನಿಂತೇ ಇದ್ದಳು. ಈ ಹುಡುಗಿ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅವರು ಮಾಡಿದ ನಿಯಮವನ್ನೇ ಅಚ್ಚುಕಟ್ಟಾಗಿ ನಡೆಸಿದ್ದಳು. ನಲವತ್ತು ಮಕ್ಕಳು, ಒಬ್ಬರಿಗೊಬ್ಬರು ಬೈದುಕೊಳ್ಳದೆ, ಒಂದು ಸಭೆಯನ್ನೂ ಮಾಡದೆ, ಯಾರನ್ನು ತಿಂದರೆ ಸದ್ದಾಗುವುದಿಲ್ಲ ಎಂದು ಕಂಡುಕೊಂಡಿದ್ದರು.

"ಕೂತ್ಕೋ," ಎಂದರು.

ಅವರು ಕೋಣೆಯಿಂದ ಹೊರಬಿದ್ದು ಶಾಲೆಯ ಹಿಂದಕ್ಕೆ ಹೋದರು. ಹೆಣ್ಣುಮಕ್ಕಳ ಕಕ್ಕಸಿನ ಬಾಗಿಲ ಮುಂದೆ ನಿಂತಾಗ ಮೂಗಿಗೆ ಕರವಸ್ತ್ರ ಹೋಯಿತು. ನೆಲದ ಸಂದುಗಳಲ್ಲಿ ಹಸಿರು ಪಾಚಿ, ಮೂಲೆಯಲ್ಲಿ ಕಡ್ಡಿ ಸವೆದು ಮುಷ್ಟಿಯಷ್ಟಾದ ಪೊರಕೆ, ತಳ ತುಕ್ಕು ಹಿಡಿದ ಬಕೆಟ್ಟು, ಗಂಟುಕಟ್ಟಿದ ಬ್ಲೀಚಿಂಗ್ ಪುಡಿ. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಏನಾಗುತ್ತದೆಂದು ಇದೇ ಮಕ್ಕಳಿಗೆ ಅವರೇ ಪಾಠ ಮಾಡಿದ್ದರು. ಒಂದು ಕ್ಷಣ, ಇಂದೇ ಎಲ್ಲರೆದುರು ತಾನೇ ಪೊರಕೆ ಹಿಡಿದರೆ ಹೇಗೆ ಎನ್ನಿಸಿತು. ಮರುಕ್ಷಣವೇ ಅದನ್ನು ನೋಡಿ ಮಕ್ಕಳು ಕಣ್ಣರಳಿಸುವುದು, ಊರವರು ಹೊಗಳುವುದು ಎಲ್ಲ ಕಣ್ಣೆದುರು ಬಂತು. ಥೂ ಎಂದುಕೊಂಡರು.

ಹೆಡ್ ಮೇಷ್ಟ್ರು ಜಗಲಿಯಲ್ಲೇ ಸಿಕ್ಕರು. ವಿಷಯ ಆಗಲೇ ಅವರಿಗೆ ಮುಟ್ಟಿತ್ತು.

"ಅದಕ್ಕೇನೀಗ? ಆ ಹುಡುಗೀನ ಒಂದೆರಡು ವಾರ ಬಿಟ್ಟು ಬೇರೆ ನಂಬರು ಹಾಕ್ಸಿ. ಡಬ್ಬ ಮಾತ್ರ ನಿಲ್ಲಿಸ್ಬೇಡಿ ಮಾರಾಯ್ರೆ. ಎಂಟು, ಒಂಬತ್ತಕ್ಕೂ ಶುರು ಮಾಡಿ ಅಂತ ನಾನೇ ಹೇಳೋನಿದ್ದೆ. ತೊಳೆಯೋಕೆ ಬರ್ತಿದ್ದವಳನ್ನೂ ಬಿಡಿಸಿದೀನಿ."

"ಅವಳನ್ನ ಬಿಡಿಸಿದ್ರಾ?"

"ಮತ್ತೆ? ಮಕ್ಕಳು ಮಾಡ್ತಿದಾರಲ್ಲ. ಶಿಸ್ತಿಗೆ ಶಿಸ್ತೂ ಆಯ್ತು, ಕೆಲಸಕ್ಕೆ ಕೆಲಸಾನೂ ಆಯ್ತು." ಹೆಡ್ ಮೇಷ್ಟ್ರು ಹಲ್ಲಿನ ಸಂದಿಯಿಂದ ಏನನ್ನೋ ಉಗುರಿನಲ್ಲಿ ಕಿತ್ತು ನೋಡಿ, ಗೋಡೆಗೆ ಒರೆಸಿದರು.

ಸಂಜೆ ಮೇಷ್ಟ್ರು ಹಾಲಿನ ಡೇರಿಗೆ ಹೋದಾಗ ಸಾಲು ಕರಗುತ್ತ ಬಂದಿತ್ತು. ಹುಡುಗಿ ಅಪ್ಪನ ಪಕ್ಕ ನಿಂತು ಹಾಲಿನ ಪಾತ್ರೆಯಲ್ಲಿ ಗಾಜಿನ ಅಳತೆಕಡ್ಡಿ ಬಿಟ್ಟು, ಬಗ್ಗಿ, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಓದುತ್ತಿದ್ದಳು. ಹಾಗೆಯೇ ಓದಬೇಕು, ಮೇಲಿನಿಂದ ನೋಡಬಾರದು ಎಂದು ಅವರು ತರಗತಿಯಲ್ಲಿ ನೂರು ಸಲ ಹೇಳಿದ್ದರು. ನಲವತ್ತೊಂದು ಮಕ್ಕಳಲ್ಲಿ ಒಬ್ಬರೂ ಕಲಿತಿಲ್ಲ ಎಂದುಕೊಂಡಿದ್ದರು. ಅವಳ ಬೆರಳ ತುದಿಗಳು ಬಿಳಿಚಿ, ಉಗುರಿನ ಬುಡ ಕೆಂಪಗೆ ಬಿರಿದಿದ್ದವು.

"ಡಬ್ಬ ತೆಗೆದುಹಾಕಿದೆ ಕಣಮ್ಮಾ," ಎಂದರು. "ನಾಳೆಯಿಂದ ಬಾ. ಹತ್ತು ವಾರ ಇದೆ. ನೀನು ಪಾಸಾಗ್ತೀಯ."

ಅವಳು ಕಡ್ಡಿಯನ್ನು ತೊಳೆದು ಗೂಡಿನಲ್ಲಿಟ್ಟಳು.

"ಅವರು ನಿನ್ನ ಹೆಸರು ಬರೀತಿದ್ದದ್ದು ನಂಗೆ ಇವತ್ತೇ ಗೊತ್ತಾಗಿದ್ದು."

"ಬೋರ್ಡಲ್ಲಿ ಇತ್ತಲ್ಲ ಸರ್," ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದವರಿಗೆ ಹೇಳಿಕೊಡುವಂತಿತ್ತು. "ಆರು ವಾರ ಮೂವತ್ತೇಳೇ ಇತ್ತು. ನೀವೇ ದಿನಾ ಬೆಳಿಗ್ಗೆ ಮೂವತ್ತೇಳು ಅಂತ ಕೂಗ್ತೀರಿ, ನಾನು ಎಸ್ ಸರ್ ಅಂತೀನಿ."

ಹಾಲಿನವನು ಕ್ಯಾನಿನ ಮುಚ್ಚಳ ಒತ್ತುತ್ತಿದ್ದವನು ಕೈ ನಿಲ್ಲಿಸಿದ.

ಮೇಷ್ಟ್ರಿಗೆ ಹೇಳಲು ಎಷ್ಟೋ ಇತ್ತು. ಕೆಲಸದ ಒತ್ತಡ ಎನ್ನಬಹುದಿತ್ತು. ಲೀಡರನ್ನು ನಂಬಿದ್ದೆ ಎನ್ನಬಹುದಿತ್ತು. ಆದರೆ ಅವರಿಗೆ ಚೆನ್ನಾಗಿ ನೆನಪಿತ್ತು: ಎರಡನೇ ವಾರ ಬೋರ್ಡಿನ ಮೂಲೆ ನೋಡಿದಾಗ, ಸದ್ಯ ಇವಳೇ, ಈ ಮನೆಯವರು ಕೇಳಲು ಬರುವುದಿಲ್ಲ ಎಂದು ಮನಸ್ಸು ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಈಗ ಮೈಮೇಲೆ ಜಿರಳೆ ಹರಿದಂತಾಯಿತು.

"ನೋಡಿದ್ದೆ," ಎಂದರು. "ನೋಡಿಯೂ ಸುಮ್ನಿದ್ದೆ."

"ಇದನ್ನ ಅಲ್ಲಿ ಹೇಳ್ತೀರಾ ಸರ್?"

"ಎಲ್ಲಿ?"

"ಕ್ಲಾಸಲ್ಲಿ."

ಅವಳು ಕಾದಳು. ಕೊನೆಗೆ ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು.

"ಟೀಸಿ ಏನ್ಮಾಡ್ಲಮ್ಮಾ?" ಎಂದ ಹಾಲಿನವನು ಮಗಳಿಗೆ.

"ಇರಲಿ ಬಿಡಪ್ಪ. ನಾಳೆ ಬಾಗಿಲ ಹತ್ರ ನಿಂತು ಕೇಳಿಸ್ಕೋತೀನಿ. ಆಮೇಲೆ ನೋಡೋಣ."

ಮರುದಿನ ಬಾಗಿಲು ತೆರೆದೇ ಇತ್ತು. ಹುಡುಗಿ ಚೀಲ ಹೆಗಲಿಗೇರಿಸಿ ಹೊಸ್ತಿಲಾಚೆ ನಿಂತಿದ್ದಳು. ಮೇಷ್ಟ್ರು ಮೇಜಿನ ಹಿಂದಿನಿಂದ ಮುಂದೆ ಬಂದರು. ಉದ್ದ ಮಾತಾಡಲಿಲ್ಲ. ಏನೂ ಮಾಡದವಳಿಗೆ ಆರು ವಾರ ಶಿಕ್ಷೆಯಾಯಿತು, ನನಗೆ ಅದು ಕಾಣುತ್ತಿತ್ತು, ಕ್ಲಾಸು ತೆಪ್ಪಗಿದ್ದದ್ದು ಹಿತವಾಗಿತ್ತು ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ, ನಿಮಗೆ ಈ ಹೇಸಿಗೆ ಕಲಿಸಿದವನು ನಾನೇ ಎಂದರು.

ಮಕ್ಕಳು ಅವರನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನ ಉದ್ದನೆಯ ಹುಡುಗ ಕೈ ಎತ್ತಿದ.

"ಹೇಳು."

"ಹಾಗಾದ್ರೆ ಸರ್, ಈ ಶನಿವಾರ ಯಾರು ತೊಳೀತಾರೆ?"

ಯಾರೂ ನಗಲಿಲ್ಲ. ಅದು ಕೀಟಲೆಯಾಗಿರಲಿಲ್ಲ. ನಲವತ್ತು ಮುಖಗಳೂ ಅದಕ್ಕೇ ಉತ್ತರ ಕಾಯುತ್ತಿದ್ದವು. ಕೆಲವರು ಆಗಲೇ ಪಕ್ಕದವರನ್ನು ಅಳೆಯುವಂತೆ ನೋಡುತ್ತಿದ್ದರು.

"ಮಕ್ಕಳು ಯಾರೂ ತೊಳೆಯಲ್ಲ," ಎಂದರು ಮೇಷ್ಟ್ರು. "ಮೊದಲು ತೊಳೀತಿದ್ದವಳನ್ನ ಹೆಡ್ ಮೇಷ್ಟ್ರು ವಾಪಸ್ ಕರೆಸ್ತಾರೆ. ಕರೆಸೋ ತನಕ ನಾನು ಅವರ ಕೋಣೆ ಬಿಟ್ಟು ಏಳಲ್ಲ."

ಉಸಿರು ಬಿಟ್ಟ ಸದ್ದು ಬೆಂಚಿನಿಂದ ಬೆಂಚಿಗೆ ಹೋಯಿತು. ಅದರ ಹಿಂದೆಯೇ ಗುಸುಗುಸು, ನಗು, ಡೆಸ್ಕು ಬಡಿಯುವುದು ಶುರುವಾಯಿತು. ಯಾರೋ ಶಿಳ್ಳೆಯನ್ನೂ ಹಾಕಿದರು. ಪಕ್ಕದ ಕೋಣೆಯಿಂದ ಸಮಾಜದ ಮೇಷ್ಟ್ರು, "ಏನ್ರೀ ಅದು, ಸಂತೆ!" ಎಂದು ಕೂಗಿದರು.

ಹುಡುಗಿ ಒಳಗೆ ಬಂದಳು. ಅವಳ ಬೆಂಚಿನವಳು ಮೂಗಿನ ಮೇಲೆ ಕೈಯಿಟ್ಟು ಗೋಡೆಯ ಕಡೆ ಸರಿದಳು. ನಡುವೆ ಒಂದು ಮೊಳ ಜಾಗ ಬಿತ್ತು. ಹುಡುಗಿ ಅದನ್ನು ನೋಡಿದಳು, ಮೇಷ್ಟ್ರನ್ನೂ ನೋಡಿದಳು. ಅವರೂ ನೋಡಿದ್ದರು. ಈ ಸಲ ಅವರು ಬೆಂಚಿನ ಬಳಿಗೆ ನಡೆದು ಹೋಗಿ, "ಕೈ ಇಳಿಸು," ಎಂದರು. ಅವಳು ಇಳಿಸುವ ತನಕ ಅಲ್ಲೇ ನಿಂತರು.

ಹಾಲಿನವನ ಮಗಳು ಚೀಲದಿಂದ ಪುಸ್ತಕ ತೆಗೆದಳು. "ನಿನ್ನೆ ಯಾವ ಪಾಠ ಆಯ್ತು ಸರ್?" ಎಂದು, ಗಲಾಟೆಯ ಮೇಲೆ ಕೇಳುವಷ್ಟು ಜೋರಾಗಿ ಕೇಳಿದಳು.